ಫೈಬರ್ ಚಾನೆಲ್ ಹಾಕಿಸಿದರೆ ಇಆರ್‌ಪಿ ಫಾಸ್ಟ್ ಆಗುತ್ತಾ?

ಪ್ರಶ್ನೆ: ನಮ್ಮದು ಎಪ್ಪತ್ತು ಜನರ ಕಂಪನಿ. ಮೂರು ಸರ್ವರ್, ಒಂದು ಇಆರ್‌ಪಿ (ಲೆಕ್ಕ, ಸ್ಟಾಕ್ ಎಲ್ಲ ನೋಡಿಕೊಳ್ಳುವ ಸಾಫ್ಟ್‌ವೇರ್). ಸ್ಯಾನ್ ಸ್ಟೋರೇಜ್‌ಗೆ ಎರಡು ಕೊಟೇಶನ್ ಬಂದಿವೆ. ಒಂದು ಐಸ್ಕಸಿ, ಇನ್ನೊಂದು ಫೈಬರ್ ಚಾನೆಲ್. ಯಾವುದು ತಗೊಳ್ಳೋಣ?

ಇದಕ್ಕೆ ಉತ್ತರ ಬರೆದೂ ಬರೆದೂ ಸಾಕಾಗಿದೆ. ಆದರೂ ಇನ್ನೊಮ್ಮೆ: ಐಸ್ಕಸಿ ಸಾಕು. ಸ್ಯಾನ್ ಅಂದರೆ ಹಲವು ಸರ್ವರ್‌ಗಳು ನೆಟ್‌ವರ್ಕ್ ಮೂಲಕ ಹಂಚಿಕೊಳ್ಳುವ ಡಿಸ್ಕ್‌ಗಳ ಬಾಕ್ಸ್. ಸರ್ವರ್‌ಗೂ ಅದಕ್ಕೂ ನಡುವೆ ಡೇಟಾ ಸಾಗಿಸಲು ಐಸ್ಕಸಿ ಆಫೀಸಿನ ಮಾಮೂಲಿ ಈಥರ್ನೆಟ್ ನೆಟ್‌ವರ್ಕನ್ನೇ ಬಳಸುತ್ತದೆ, ಫೈಬರ್ ಚಾನೆಲ್‌ಗೆ ಅದರದೇ ಸ್ವಿಚ್, ಕಾರ್ಡ್ ಬೇಕು. ಈಗಾಗಲೇ ಫೈಬರ್ ಚಾನೆಲ್ ಸ್ವಿಚ್‌ಗಳೂ ಅದನ್ನು ನೋಡಿಕೊಳ್ಳುವವರೂ ಇದ್ದರೆ ಮಾತ್ರ ಅದರಲ್ಲೇ ಮುಂದುವರಿಯಿರಿ.

"ಸಾರ್, ಫೈಬರ್ ಅಂದ್ರೆ ಸ್ಪೀಡ್ ಜಾಸ್ತಿ ಅಲ್ವಾ?" ಈ ಮಾತು ಸಾಯುವುದೇ ಇಲ್ಲ. 2004ರಲ್ಲಿ ಐಸ್ಕಸಿಯ ಆರ್‌ಎಫ್‌ಸಿ (ಅದರ ಮಾನದಂಡದ ದಾಖಲೆ) ಹೊರಬಂದಾಗ ಆಫೀಸುಗಳಲ್ಲಿ ಇದ್ದದ್ದು ಹೆಚ್ಚೆಂದರೆ 1 ಗಿಗಾಬಿಟ್ ಈಥರ್ನೆಟ್. ಆಗ ಆ ಮಾತಿಗೆ ಅರ್ಥ ಇತ್ತು. ಈಗ 10, 25 ಗಿಗಾಬಿಟ್ ಸ್ವಿಚ್‌ಗಳು ಸುಲಭವಾಗಿ ಸಿಗುತ್ತವೆ.

ಅದೂ ಬೇಡ, ಲೆಕ್ಕ ಹಾಕೋಣ. 7,200 ಆರ್‌ಪಿಎಂ ಡಿಸ್ಕ್ ಒಂದು ಸುತ್ತು ಮುಗಿಸಲು 8.3 ಮಿಲಿಸೆಕೆಂಡ್ ಬೇಕು. ಬೇಕಾದ ಜಾಗ ಡೇಟಾ ಓದುವ ಹೆಡ್‌ನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು, ಹೆಡ್ ಸರಿಯುವ ಹೊತ್ತು ಬೇರೆ. ಹೀಗಾಗಿ ಅಲ್ಲಲ್ಲಿ ಚದುರಿದ ಡೇಟಾ ಓದುವಾಗ ಒಂದು ಡಿಸ್ಕ್ ಸೆಕೆಂಡಿಗೆ ಸುಮಾರು 80 ಕೋರಿಕೆ ಪೂರೈಸಿದರೆ ಹೆಚ್ಚು. ಹನ್ನೆರಡು ಡಿಸ್ಕ್ ಸೇರಿದರೆ ಸಾವಿರದ ಹತ್ತಿರ. ಎಸ್‌ಕ್ಯುಎಲ್ ಸರ್ವರ್ ಎಂಬ ಡೇಟಾಬೇಸ್‌ನ ಒಂದು ಪೇಜ್ (ಡೇಟಾದ ಒಂದು ತುಣುಕು) 8 ಕೆಬಿ. ಅಂದರೆ ಸೆಕೆಂಡಿಗೆ ಬರೀ 8 ಎಂಬಿ! ಹಳೇ 1 ಗಿಗಾಬಿಟ್ ಕೇಬಲ್ಲೇ 100 ಎಂಬಿಗಿಂತ ಜಾಸ್ತಿ ಸಾಗಿಸುತ್ತದೆ. ಕ್ಯಾಶ್‌ನಿಂದ (ಪದೇ ಪದೇ ಬೇಕಾಗುವ ಡೇಟಾ ಇಟ್ಟುಕೊಳ್ಳುವ ವೇಗದ ಮೆಮೊರಿ) ಸ್ವಲ್ಪ ಅನುಕೂಲ ಆಗುತ್ತದೆ, ನಿಜ. ಆದರೂ ಬೋರ್‌ವೆಲ್‌ನಲ್ಲಿ ಅರ್ಧ ಇಂಚು ನೀರು ಬರುವಾಗ ನಾಲ್ಕಿಂಚಿನ ಪೈಪ್ ಹಾಕಿಸಿ ಏನು ಪ್ರಯೋಜನ?

ಫೈಬರ್ ಚಾನೆಲ್‌ಗೆ ಹೋಗುವ ದುಡ್ಡನ್ನು ಎಸ್‌ಎಸ್‌ಡಿಗೆ (ತಿರುಗುವ ಭಾಗವೇ ಇಲ್ಲದ ಡಿಸ್ಕ್) ಹಾಕಿ. ನಂಬಿಕೆ ಬರದಿದ್ದರೆ ಇವತ್ತೇ ಸರ್ವರ್‌ನಲ್ಲಿ ಪರ್ಫ್‌ಮಾನ್ (ವಿಂಡೋಸ್‌ನಲ್ಲೇ ಇರುವ ಅಳತೆಯ ಟೂಲ್) ತೆರೆದು ಡಿಸ್ಕ್ ರೀಡ್‌ಗೆ ಎಷ್ಟು ಹೊತ್ತು ಹಿಡಿಯುತ್ತಿದೆ ನೋಡಿ. ಸದಾ 20 ಮಿಲಿಸೆಕೆಂಡ್ ದಾಟುತ್ತಿದ್ದು, ಕೇಬಲ್‌ನಲ್ಲಿ ಟ್ರಾಫಿಕ್ ಕಡಿಮೆ ಇದ್ದರೆ, ಡಿಸ್ಕೇ ಸುಸ್ತಾಗಿದೆ ಅಂತ ತಿಳಿಯಿರಿ.

"ಐಸ್ಕಸಿ ಹಾಕಿ ಕೈ ಸುಟ್ಟುಕೊಂಡೆವು" ಅನ್ನುವವರ ರ್‍ಯಾಕ್ ಒಮ್ಮೆ ನೋಡಬೇಕು. ಸ್ಟೋರೇಜ್, ಆಫೀಸ್ ಪಿಸಿ, ಸಿಸಿಟಿವಿ ಎಲ್ಲವೂ ಒಂದೇ ಸ್ವಿಚ್‌ನಲ್ಲಿ! ಸ್ಟೋರೇಜ್‌ಗೇ ಅಂತ ಎರಡು ಸ್ವಿಚ್ ಇಡಿ, ಪ್ರತಿ ಸರ್ವರ್‌ನಿಂದ ಎರಡು ದಾರಿ ಕೊಡಿ.

ನೀವು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ವಾರಂಟಿ ಮೂರು ವರ್ಷ ಅಂತ ಇದ್ದರೆ ನಾಲ್ಕನೇ, ಐದನೇ ವರ್ಷದ ಎಎಂಸಿ (ವಾರ್ಷಿಕ ನಿರ್ವಹಣೆ ಒಪ್ಪಂದ) ದರವನ್ನು ಪಿಒ (ಖರೀದಿ ಆರ್ಡರ್) ಕೊಡುವ ಮುಂಚೆಯೇ ಬರೆಸಿಕೊಳ್ಳಿ. ಹೆಚ್ಚುವರಿ ಡಿಸ್ಕ್‌ನ ದರವನ್ನೂ ಅಷ್ಟೇ. ಆಮೇಲೆ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಅಗ್ಗದ ಡಿಸ್ಕ್ ತಂದು ಹಾಕೋಣ ಅಂದರೆ, ತಯಾರಕರದೇ ಫರ್ಮ್‌ವೇರ್ (ಡಿಸ್ಕ್‌ನೊಳಗಿನ ಸಾಫ್ಟ್‌ವೇರ್) ಇಲ್ಲದ ಡಿಸ್ಕನ್ನು ಎಷ್ಟೋ ಸ್ಟೋರೇಜ್ ಬಾಕ್ಸ್‌ಗಳು ಒಪ್ಪುವುದೇ ಇಲ್ಲ.