ಹಾಸಿಗೆ ಬಳಿಗೇ ಬಂದ ಎಕ್ಸ್‌ರೇ: ಪೇಷಂಟ್ ಕಡೆಯವರ ಲೆಕ್ಕ

‘ಪೇಷಂಟ್ ಕಡೆಯವರು ಯಾರ್ರೀ?’ ಆಸ್ಪತ್ರೆ ಕಾರಿಡಾರಿನಲ್ಲಿ ಈ ಕೂಗು ಕೇಳದವರು ಕಡಿಮೆ. ಕೂಗಿದ ತಕ್ಷಣ ಒಬ್ಬರು ಎದ್ದು ಓಡುತ್ತಾರೆ. ಕೈಯಲ್ಲಿ ಫೈಲು, ಹೆಗಲಲ್ಲಿ ನೀರಿನ ಬಾಟಲಿಯ ಚೀಲ. ಸ್ಟ್ರೆಚರ್ ತಳ್ಳುವುದು, ಬಿಲ್ ಕಟ್ಟುವುದು, ಫಿಲ್ಮು ಹಿಡಿದು ಡಾಕ್ಟರ ಮುಂದೆ ನಿಲ್ಲುವುದು ಎಲ್ಲ ಅವರೇ.

ಕೆಲವು ವರ್ಷಗಳ ಹಿಂದೆ ಹಾಗೆ ಓಡಿದ್ದು ನಾನು. ನಮ್ಮಜ್ಜಿ ಬಚ್ಚಲುಮನೆಯಲ್ಲಿ ಜಾರಿದ್ದರು. ಎರಡನೇ ಮಹಡಿ, ಲಿಫ್ಟ್ ಇಲ್ಲ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಇಳಿಸಿದೆವು. ಒಂದು ಎಕ್ಸ್‌ರೇಗೆ ಇಡೀ ದಿನ ಹೋಯಿತು. ಮೂಳೆ ಮುರಿದಿರಲಿಲ್ಲ. ಆದರೆ ವಾಪಸ್ ಬಂದ ಮೇಲೆ ಮೂರು ದಿನ ಅಜ್ಜಿ ತಮ್ಮದೇ ಮಂಚದ ಮೇಲೆ ಕೂತು ‘ನನ್ನನ್ನು ಮನೆಗೆ ಯಾವಾಗ ಕರ್ಕೊಂಡು ಹೋಗ್ತೀರಿ?’ ಅಂತ ಕೇಳುತ್ತಿದ್ದರು. ಡಾಕ್ಟರು ಇದಕ್ಕೆ ಡೆಲಿರಿಯಂ ಅನ್ನುತ್ತಾರೆ. ವಯಸ್ಸಾದವರಿಗೆ, ಅದರಲ್ಲೂ ಮರೆವಿನ ಕಾಯಿಲೆ ಇರುವವರಿಗೆ, ಜಾಗ ಬದಲಾದರೆ, ನಿದ್ದೆ ಕೆಟ್ಟರೆ, ನೋವು ಜಾಸ್ತಿಯಾದರೆ ತಲೆ ಹೀಗೆ ಗೊಂದಲಕ್ಕೆ ಬೀಳುತ್ತದೆ.

ಯಂತ್ರವೇ ಅವರ ಹತ್ತಿರ ಬಂದರೆ ಆಗಲ್ವಾ? ಈ ಪ್ರಶ್ನೆ ಹೊಸದೇನಲ್ಲ.

ಜರ್ಮನಿಯ ವಿಜ್ಞಾನಿ ರಾಂಟ್‌ಜೆನ್ ಎಕ್ಸ್‌ ಕಿರಣ ಕಂಡದ್ದು 1895ರಲ್ಲಿ. ಇಪ್ಪತ್ತು ವರ್ಷ ಕಳೆಯುವುದರೊಳಗೆ ಆ ಯಂತ್ರ ರೋಡಿಗೆ ಇಳಿದಿತ್ತು. 1914ರಲ್ಲಿ ಮಹಾಯುದ್ಧ ಶುರುವಾದಾಗ ಫ್ರಾನ್ಸಿನಲ್ಲಿದ್ದ ವಿಜ್ಞಾನಿ ಮೇರಿ ಕ್ಯೂರಿ ಕಾರುಗಳನ್ನು ಬೇಡಿ ಪಡೆದು, ಅವುಗಳಲ್ಲಿ ಎಕ್ಸ್‌ರೇ ಸಾಮಾನು ಮತ್ತು ಡೈನಮೋ ಕೂರಿಸಿದರು. ಕಾರಿನ ಇಂಜಿನ್ನಿಂದಲೇ ಡೈನಮೋ ತಿರುಗಿ ಕರೆಂಟು ಬರುತ್ತಿತ್ತು. ಇಂಥ ಸುಮಾರು 20 ಗಾಡಿಗಳು ಯುದ್ಧಭೂಮಿಯ ಆಸ್ಪತ್ರೆಗಳಿಗೆ ಓಡಾಡಿದವು. ಸೈನಿಕರು ಅವನ್ನು ‘ಪುಟ್ಟ ಕ್ಯೂರಿಗಳು’ ಅಂತ ಕರೆದರು. ಮೇರಿ ತಾವೇ ಡ್ರೈವಿಂಗ್ ಕಲಿತರು. ಮಗಳು ಐರೀನ್‌ಗೆ ಆಗ 17 ವರ್ಷ, ಅವಳೂ ಹೊರಟಳು. ಸುಮಾರು 150 ಹೆಂಗಸರಿಗೆ ಈ ಕೆಲಸ ಕಲಿಸಲಾಯಿತು. ಗುಂಡು ತಗುಲಿದ ಸೈನಿಕನನ್ನು ಊರೂರು ಸುತ್ತಿಸುವುದಕ್ಕಿಂತ ಯಂತ್ರವನ್ನೇ ಒಯ್ಯುವುದು ಮೇಲು ಅನ್ನುವುದು ಅಂದೇ ಗೊತ್ತಾಗಿತ್ತು. ಹಾಸಿಗೆ ಹಿಡಿದ ಅಜ್ಜಿಗೂ ಅದೇ ಮಾತು ಸಲ್ಲುತ್ತದೆ ಎಂದು ಕಾಣುವುದಕ್ಕೆ ಇನ್ನೂ ಐವತ್ತು ವರ್ಷ ಬೇಕಾಯಿತು.

ಅದೂ ಆದದ್ದು ಬಿಲ್ಲಿನ ದಾರಿಯಲ್ಲಿ. ಅಮೆರಿಕ 1965ರಲ್ಲಿ ವಯಸ್ಸಾದವರಿಗಾಗಿ ಮೆಡಿಕೇರ್ ಎಂಬ ಸರ್ಕಾರಿ ವಿಮೆ ತಂದಿತು. 1967ರ ತಿದ್ದುಪಡಿಯಲ್ಲಿ, ರೋಗಿ ಇರುವ ಜಾಗಕ್ಕೇ ಹೋಗಿ ತೆಗೆಯುವ ಎಕ್ಸ್‌ರೇಗೂ ಹಣ ಕೊಡಲು ಒಪ್ಪಿತು. ಅಲ್ಲಿಂದ ನರ್ಸಿಂಗ್ ಹೋಂಗಳಿಗೆ ಗಾಡಿ ಕಳಿಸುವ ಕಂಪನಿಗಳು ಬೆಳೆದವು. (ನಮ್ಮಲ್ಲಿ ನರ್ಸಿಂಗ್ ಹೋಂ ಅಂದರೆ ಹೆರಿಗೆ, ಆಪರೇಷನ್ ಆಗುವ ಚಿಕ್ಕ ಆಸ್ಪತ್ರೆ. ಅಲ್ಲಿ ಅದು ವಯಸ್ಸಾದವರು, ಒಬ್ಬರೇ ಇರಲಾಗದವರು ನರ್ಸ್‌ಗಳ ಆರೈಕೆಯಲ್ಲಿ ವರ್ಷಗಟ್ಟಲೆ ಇರುವ ಮನೆ. ಈ ಲೇಖನದಲ್ಲಿ ಎರಡನೆಯ ಅರ್ಥ.) ಮೆಡಿಕೇರ್ ಎಕ್ಸ್‌ರೇಗೆ ಬೇರೆ, ಯಂತ್ರ ಹೊತ್ತು ತಂದದ್ದಕ್ಕೆ ಬೇರೆ ಹಣ ಕೊಡುತ್ತದೆ. ಒಂದೇ ಟ್ರಿಪ್ಪಿನಲ್ಲಿ ನಾಲ್ಕು ಜನರದ್ದು ತೆಗೆದರೆ ಆ ಸಾಗಣೆ ದುಡ್ಡು ನಾಲ್ಕು ಪಾಲಾಗುತ್ತದೆ. ನಮ್ಮ ಶೇರ್ ಆಟೋ ಲೆಕ್ಕ!

ಆ ಕಾಲದ ಯಂತ್ರ ಭಾರ. ಫಿಲ್ಮನ್ನು ವಾಪಸ್ ಒಯ್ದು ಕತ್ತಲೆ ಕೋಣೆಯಲ್ಲಿ ತೊಳೆಯಬೇಕಿತ್ತು. ಚಿತ್ರ ಸರಿಬರಲಿಲ್ಲ ಅಂದರೆ ಗಾಡಿ ಮತ್ತೆ ಬರಬೇಕು. 1980ರ ದಶಕದಲ್ಲಿ ಜಪಾನಿನ ಫ್ಯೂಜಿ ಕಂಪನಿ ಫಿಲ್ಮಿನ ಬದಲು ಲೇಸರಿನಿಂದ ಓದುವ ಪ್ಲೇಟು ತಂದಿತು. ಆಮೇಲೆ ವೈರೇ ಇಲ್ಲದ ಡಿಜಿಟಲ್ ಪ್ಲೇಟು ಬಂತು. ಈಗ ಬೆನ್ನಿನ ಕೆಳಗೆ ಪ್ಲೇಟು ಜಾರಿಸಿ ಬಟನ್ ಒತ್ತಿದರೆ ಕೆಲವೇ ಕ್ಷಣದಲ್ಲಿ ಚಿತ್ರ ಪರದೆ ಮೇಲೆ. ರೋಗಿ ಅಲುಗಿದ್ದರೆ ಅಲ್ಲೇ ಗೊತ್ತಾಗುತ್ತದೆ, ಅಲ್ಲೇ ಇನ್ನೊಂದು ತೆಗೆಯಬಹುದು. ಚಿತ್ರ ನೆಟ್ ಮೂಲಕ ಆಸ್ಪತ್ರೆಯ ರೇಡಿಯಾಲಜಿಸ್ಟ್‌ಗೆ, ಅಂದರೆ ಎಕ್ಸ್‌ರೇ ಓದಿ ಹೇಳುವ ಡಾಕ್ಟರಿಗೆ, ಹೋಗುತ್ತದೆ.

ಡಿಜಿಟಲ್ ಆದ ಮೇಲೆ ಬೇರೆ ದೇಶಗಳಲ್ಲಿ, ಸರ್ಕಾರಿ ಆಸ್ಪತ್ರೆಗಳೂ ಇದನ್ನು ಕೈಗೆತ್ತಿಕೊಂಡವು. ನಾರ್ವೆಯ ಓಸ್ಲೋದಲ್ಲಿ 2000ದ ದಶಕದ ಮೊದಲರ್ಧದಲ್ಲೇ ಆಸ್ಪತ್ರೆಯ ಗಾಡಿ ನರ್ಸಿಂಗ್ ಹೋಂಗಳಿಗೆ ಹೋಗತೊಡಗಿತು. ದಕ್ಷಿಣ ಸ್ವೀಡನ್, ಇಟಲಿಯ ಟ್ಯೂರಿನ್, ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲೂ ಪ್ರಯೋಗ ನಡೆದವು. ಹೆಚ್ಚಾಗಿ ಕೇಳಿದ ಪ್ರಶ್ನೆ ಎರಡು: ಚಿತ್ರ ಆಸ್ಪತ್ರೆಯದ್ದರಷ್ಟು ಚೆನ್ನಾಗಿದೆಯಾ? ಖರ್ಚು ಕಡಿಮೆಯಾ? ಎದೆ, ಸೊಂಟ, ಕೈಕಾಲಿನ ಎಕ್ಸ್‌ರೇಗಳ ಮಟ್ಟಿಗೆ ಚಿತ್ರದ ಬಗ್ಗೆ ತಕರಾರು ಬರಲಿಲ್ಲ. ಖರ್ಚಿನ ಉತ್ತರ, ಆಂಬುಲೆನ್ಸು ಮತ್ತು ಜೊತೆಗೆ ಹೋಗುವ ನರ್ಸಿನ ಸಮಯವನ್ನು ಸೇರಿಸುತ್ತೀರೋ ಇಲ್ಲವೋ ಅನ್ನುವುದರ ಮೇಲೆ ನಿಂತಿತ್ತು. ಸೇರಿಸಿ ನೋಡಿದಾಗ ಸ್ವೀಡನ್‌ನಲ್ಲಿ ಗಾಡಿಯೇ ಅಗ್ಗ ಅನಿಸಿತು.

ನರ್ಸಿನ ಸಮಯವನ್ನು ಲೆಕ್ಕಕ್ಕೆ ಹಿಡಿದರು. ರಜೆ ಹಾಕಿ ಓಡಿಬಂದ ಮಗಳ ದಿನವನ್ನು ಯಾವ ಕಾಲಂನಲ್ಲಿ ಬರೆಯಬೇಕು? ನನಗೆ ಇಡೀ ಕಥೆಯಲ್ಲಿ ಚುಚ್ಚುವುದು ಇದೇ. ಮನೆಯವರ ಮಾತಿಗೆ ಕಿವಿಗೊಟ್ಟದ್ದು ತೀರಾ ತಡವಾಗಿ.

ಕೇಳಿದರೆ ಅವರು ‘ಬಹಳ ಒಳ್ಳೇದು’ ಅಂತ ಒಂದೇ ಮಾತಲ್ಲಿ ಮುಗಿಸುವುದಿಲ್ಲ. ಮೊದಲು ನಿಟ್ಟುಸಿರು ಬಿಡುತ್ತಾರೆ, ಅದು ನಿಜ. ಅಮ್ಮ ಸ್ಟ್ರೆಚರ್ ಮೇಲೆ ಗಂಟೆಗಟ್ಟಲೆ ಮಲಗಬೇಕಿಲ್ಲ. ಪರಿಚಯದ ನರ್ಸ್ ಪಕ್ಕದಲ್ಲೇ ಇರುತ್ತಾರೆ. ಆಮೇಲೆ ಪ್ರಶ್ನೆ ಶುರು. ಇದು ಎರಡನೇ ದರ್ಜೆಯ ಎಕ್ಸ್‌ರೇ ಅಲ್ಲ ತಾನೆ? ವಯಸ್ಸಾಯಿತು, ಆಸ್ಪತ್ರೆ ಯಾಕೆ ಅಂತ ಕೈಬಿಡುತ್ತಿಲ್ಲ ತಾನೆ? ತೆಗೆಯುವ ಮುಂಚೆ ನನಗೊಂದು ಫೋನ್ ಮಾಡಬಾರದಿತ್ತಾ? ಪಕ್ಕದ ಮಂಚದವರಿಗೆ ವಿಕಿರಣ ತಾಗಲ್ವಾ?

ಕೊನೆಯದಕ್ಕೆ ಉತ್ತರ ಸುಲಭ. ದೂರ ಎರಡರಷ್ಟಾದರೆ ವಿಕಿರಣ ಕಾಲು ಭಾಗಕ್ಕೆ ಇಳಿಯುತ್ತದೆ. ಹಾಗಾಗಿಯೇ ಟೆಕ್ನೀಷಿಯನ್ ಉದ್ದದ ವೈರು ಅಥವಾ ರಿಮೋಟ್ ಹಿಡಿದು ದೂರ ಸರಿಯುತ್ತಾರೆ. ಅಮ್ಮನ ಕೈ ಹಿಡಿದುಕೊಳ್ಳಲೇಬೇಕು ಅಂದರೆ ಸೀಸದ ಏಪ್ರನ್ ಹಾಕಿಕೊಳ್ಳಬೇಕು. ಬಸುರಿಯರು ಹೊರಗೆ ನಿಲ್ಲಬೇಕು.

‘ಚಿತ್ರ ನೋಡುವವರು ಯಾರು?’ ಎಂಬ ಪ್ರಶ್ನೆ ಅಷ್ಟು ಸುಲಭದ್ದಲ್ಲ. ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ಇಂಥ ಗಾಡಿ ಓಡಿಸುತ್ತಿದ್ದ ಒಂದು ಕಂಪನಿ, ಡಾಕ್ಟರು ಓದಬೇಕಾದ ಎಕ್ಸ್‌ರೇಗಳನ್ನು ಟೆಕ್ನೀಷಿಯನ್‌ಗಳಿಂದ ಓದಿಸಿ, ಡಾಕ್ಟರ ಹೆಸರಲ್ಲಿ ರಿಪೋರ್ಟ್ ಕೊಟ್ಟು, ವಿಮೆಯ ದುಡ್ಡು ಎತ್ತುತ್ತಿತ್ತು. ಎದೆಯ ಚಿತ್ರದಲ್ಲಿದ್ದ ಹೃದಯ ವೈಫಲ್ಯದ ಗುರುತು ಕಣ್ಣುತಪ್ಪಿತು. ಇಬ್ಬರು ಸತ್ತರು. ಮಾಲೀಕನ ಅಪರಾಧ 2015ರಲ್ಲಿ ಸಾಬೀತಾಯಿತು, ಮರುವರ್ಷ 10 ವರ್ಷ ಜೈಲು. ಮನೆಯವರ ಅನುಮಾನವನ್ನು ‘ಸುಮ್ನೆ ಗಾಬರಿ’ ಅಂತ ತಳ್ಳಿಹಾಕುವ ಮುಂಚೆ ಇದು ನೆನಪಿರಲಿ.

ಇನ್ನೊಂದು ಮಿತಿಯನ್ನೂ ಮೊದಲೇ ಹೇಳಬೇಕು. ಗಾಡಿಯಲ್ಲಿ ಬರುವುದು ಎಕ್ಸ್‌ರೇ, ಬಹಳ ಅಂದರೆ ಅಲ್ಟ್ರಾಸೌಂಡ್. ತಲೆಗೆ ಪೆಟ್ಟಾಗಿ ಸಿಟಿ ಸ್ಕ್ಯಾನ್ ಬೇಕಾದರೆ ಆಸ್ಪತ್ರೆಗೇ ಹೋಗಬೇಕು. ಸೊಂಟದ ಮೂಳೆ ಮುರಿದದ್ದು ಕಂಡರೂ ಆಪರೇಷನ್‌ಗೆ ಹೋಗಲೇಬೇಕು. ನಿಜವಾಗಿ ತಪ್ಪುವುದು ಮೂಳೆ ಮುರಿಯದವರ ಪಯಣ. ನಮ್ಮಜ್ಜಿಯದ್ದು ಅಂಥದ್ದೇ. ಇದರ ಜೊತೆಗೆ, ಸುಲಭಕ್ಕೆ ಸಿಗುತ್ತದೆ ಅಂತ ಕೆಮ್ಮಿದ್ದಕ್ಕೆಲ್ಲ ಎಕ್ಸ್‌ರೇ ತೆಗೆಸುವ ಚಟವೂ ಬರಬಹುದು. ರಿಪೋರ್ಟ್ ಬಂದ ಮೇಲೆ ಮುಂದೇನು ಮಾಡುತ್ತೀರಿ ಎಂದು ಮೊದಲೇ ಕೇಳುವ ಮನೆಯವರು ಡಾಕ್ಟರಿಗೆ ತಲೆನೋವು ಅನಿಸಬಹುದು. ಆದರೆ ಕೇಳಬೇಕಾದದ್ದೇ ಅದು.

ನಮ್ಮ ಕಡೆ ಇದರ ಬಣ್ಣವೇ ಬೇರೆ. ಇಲ್ಲಿ ಹಾಸಿಗೆ ಹಿಡಿದವರು ಹೆಚ್ಚಾಗಿ ಮನೆಯಲ್ಲೇ ಇರುತ್ತಾರೆ. ನೋಡಿಕೊಳ್ಳುವವರು ಸೊಸೆ, ಮಗಳು, ಇಲ್ಲವೇ ಗೊತ್ತು ಮಾಡಿದ ಆಯಾ. ಬೆಂಗಳೂರಿನಂಥ ಊರಲ್ಲಿ ಫೋನ್ ಮಾಡಿದರೆ ಮನೆಗೇ ಬಂದು ಎಕ್ಸ್‌ರೇ ತೆಗೆಯುವವರಿದ್ದಾರೆ. ಯಂತ್ರಕ್ಕೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ ಇದೆಯಾ ಎಂದು ಕೇಳುವುದು ನಿಮ್ಮ ಹಕ್ಕು. ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ಎಕ್ಸ್‌ರೇ ಯಂತ್ರಗಳು ದೇಶದ ಕ್ಷಯರೋಗ ಅಭಿಯಾನದಲ್ಲಿ ಹಳ್ಳಿಗಳನ್ನೂ ತಲುಪಿವೆ.

ಆದರೆ ಅಲ್ಟ್ರಾಸೌಂಡ್ ಹಾಗಲ್ಲ. ಅದು ಎಕ್ಸ್‌ರೇಗಿಂತ ಹಗುರ, ವಿಕಿರಣವೂ ಇಲ್ಲ. ಆದರೂ ಭಾರತದಲ್ಲಿ ಅದನ್ನು ಎತ್ತಿಕೊಂಡು ಮನೆಗೆ ಬರುವಂತಿಲ್ಲ. ಹೆಣ್ಣು ಭ್ರೂಣ ಹತ್ಯೆ ತಡೆಯಲು 1994ರಲ್ಲಿ ಕಾನೂನು ಬಂತು. 2012ರಲ್ಲಿ ಅದರ ನಿಯಮಗಳನ್ನು ಇನ್ನೂ ಬಿಗಿ ಮಾಡಿ, ಎತ್ತಿಕೊಂಡು ಹೋಗುವ ಯಂತ್ರವನ್ನು ನೋಂದಾಯಿತ ಆಸ್ಪತ್ರೆಯ ಒಳರೋಗಿಗಳಿಗೆ, ಇಲ್ಲವೇ ಬೇರೆ ವೈದ್ಯ ಸೇವೆಗಳನ್ನೂ ಕೊಡುವ ಸಂಚಾರಿ ಘಟಕಕ್ಕೆ ಮಾತ್ರ ಸೀಮಿತ ಮಾಡಿದರು. ಕಾರಣ ಗಟ್ಟಿಯಾದದ್ದು, ನಾನದನ್ನು ಪ್ರಶ್ನಿಸಲಾರೆ. ಆದರೆ ಅಜ್ಜಿಗೆ ಹೊಟ್ಟೆನೋವು ಬಂದು ಡಾಕ್ಟರು ಸ್ಕ್ಯಾನ್ ಬರೆದಾಗ ನಾಲ್ಕು ಜನ ಮತ್ತೆ ಅದೇ ಪ್ಲಾಸ್ಟಿಕ್ ಕುರ್ಚಿ ಹಿಡಿದು ಎರಡು ಮಹಡಿ ಇಳಿದೆವು. ಸೆಂಟರಿನ ಗೋಡೆ ಮೇಲೆ ‘ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ’ ಎಂಬ ಬೋರ್ಡಿತ್ತು. ಅದನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದ ಅಜ್ಜಿ, ‘ನನಗೆ ಎಂಬತ್ತನಾಲ್ಕು ಕಣೋ, ಹೇಳು ಅವರಿಗೆ’ ಅಂದರು.