‘1984’ ಯಾರ ಆಸ್ತಿ? ಡಿಸ್ಟೋಪಿಯಾ ಕಾದಂಬರಿಗಳು ಬಂದ ದಾರಿ

ರಸ್ತೆಗೊಂದು ಕ್ಯಾಮೆರಾ ಬಂದರೆ ‘ಆರ್ವೆಲ್ ಹೇಳಿದ್ದು ನಿಜವಾಯ್ತು’ ಅನ್ನುತ್ತಾರೆ. ಯಾರದೋ ಪೋಸ್ಟ್ ಅಳಿಸಿದರೂ ಅದೇ ಮಾತು. ಸರ್ಕಾರ ಎಲ್ಲರ ಮೇಲೂ ಕಣ್ಣಿಡುವ ನಾಡಿನ ಕತೆ ಹೇಳುವ ಜಾರ್ಜ್ ಆರ್ವೆಲ್ ಅವರ ‘1984’ ಕಾದಂಬರಿಯನ್ನು ಎಡದವರೂ ಬಲದವರೂ ತಮ್ಮ ಕಡೆಗೆ ಎಳೆದಾಡುತ್ತಲೇ ಇದ್ದಾರೆ. ಈ ಗಲಾಟೆಯಲ್ಲಿ, ಇಂಥ ಡಿಸ್ಟೋಪಿಯಾ ಕತೆಗಳು, ಅಂದರೆ ಬದುಕಲಾಗದಷ್ಟು ಕೆಟ್ಟ ನಾಡನ್ನು ಕಲ್ಪಿಸುವ ಕತೆಗಳು, ಯಾವುದನ್ನು ನೋಡಿ ಹುಟ್ಟಿದವು ಅನ್ನೋದು ಪಕ್ಕಕ್ಕೆ ಸರಿದಿದೆ.

1516ರಲ್ಲಿ ಥಾಮಸ್ ಮೋರ್ ‘ಯುಟೋಪಿಯಾ’ ಬರೆದ ಮೇಲೆ ಸುಮಾರು ನಾಲ್ಕು ಶತಮಾನ ಕತೆಗಾರರು ಹೆಚ್ಚಾಗಿ ಒಳ್ಳೆಯ ಊರುಗಳನ್ನೇ ಕಟ್ಟಿದರು. ಕಾರ್ಖಾನೆ, ಮಹಾಯುದ್ಧ ಎರಡನ್ನೂ ನೋಡಿದ ಮೇಲೆ ಆ ಉತ್ಸಾಹ ಇಳಿಯಿತು.

ಆಗ ಬಂದವರು ಯೆವ್ಗೆನಿ ಜಮ್ಯಾಟಿನ್. ರಷ್ಯಾದ ಹಡಗು ಎಂಜಿನಿಯರ್. 1916ರಲ್ಲಿ, ಮಂಜುಗಡ್ಡೆ ಒಡೆಯುವ ಹಡಗುಗಳ ಕೆಲಸ ನೋಡಿಕೊಳ್ಳಲು ಇಂಗ್ಲೆಂಡಿನ ನ್ಯೂಕ್ಯಾಸಲ್‌ಗೆ ಹೋದರು. ಅಲ್ಲಿನ ಶಿಸ್ತಿನ ಬದುಕು ನೋಡಿ ಒಂದು ವ್ಯಂಗ್ಯದ ಕತೆ ಬರೆದರು. ಅದರಲ್ಲಿ ಒಬ್ಬ ಪಾದ್ರಿ. ಊಟಕ್ಕೆ, ಪಶ್ಚಾತ್ತಾಪಕ್ಕೆ, ಕೊನೆಗೆ ಹೆಂಡತಿಯ ಸಹವಾಸಕ್ಕೂ ಅವನ ಬಳಿ ಟೈಂಟೇಬಲ್! ಜಮ್ಯಾಟಿನ್ ಅವರ ಮುಂದಿನ ಕಾದಂಬರಿ ‘ನಾವು’ ಬೆಳೆದದ್ದು ಈ ಪಾದ್ರಿಯಿಂದಲೇ. ಸೋವಿಯತ್ ರಷ್ಯಾವನ್ನು ಬೈಯಲು ಬರೆದ ಪುಸ್ತಕ ಅಂತ ಸುಮ್ನೆ ಪಟ್ಟಿ ಹಚ್ಚುವವರು ನ್ಯೂಕ್ಯಾಸಲ್ ಅನ್ನು ಮರೆಯುತ್ತಾರೆ.

1920ರ ಸುಮಾರಿಗೆ ಬರೆದ ಈ ಕಾದಂಬರಿಯಲ್ಲಿ ಮನೆಗಳೆಲ್ಲ ಗಾಜಿನವು. ಜನರಿಗೆ ಹೆಸರಿಲ್ಲ, ನಂಬರ್ ಇದೆ. ಕತೆ ಹೇಳುವವನು ಡಿ-503. ಪ್ರತಿ ತುತ್ತನ್ನೂ 50 ಸಲ ಜಗಿಯಬೇಕು, ಅದು ಕಾನೂನು. ಪರದೆ ಎಳೆದುಕೊಳ್ಳಬೇಕಾದರೆ ಗುಲಾಬಿ ಬಣ್ಣದ ಚೀಟಿ ಬೇಕು. ಹಳೇ ಕಾಲದ ಸಾಹಿತ್ಯದಲ್ಲಿ ಅವನಿಗೆ ಎಲ್ಲಕ್ಕಿಂತ ಶ್ರೇಷ್ಠ ಅನಿಸುವುದು ರೈಲ್ವೆ ಟೈಂಟೇಬಲ್. ಚುನಾವಣೆಯೂ ಇದೆ, ಎಲ್ಲರೂ ಬಹಿರಂಗವಾಗಿ ಕೈ ಎತ್ತುತ್ತಾರೆ. ಫಲಿತಾಂಶ ಮೊದಲೇ ಗೊತ್ತಿರುತ್ತದೆ. ಹಿಂದಿನವರು ಕದ್ದುಮುಚ್ಚಿ ಮತ ಹಾಕುತ್ತಿದ್ದರಂತೆ ಅಂತ ಡಿ-503 ನಗುತ್ತಾನೆ. ಅವನಿಗೆ ಇದ್ಯಾವುದೂ ಹಿಂಸೆಯಲ್ಲ, ಹೆಮ್ಮೆ. ನನಗೆ ಭಯ ಹುಟ್ಟಿಸುವುದು ಇದೇ, ಪೊಲೀಸರಿಗಿಂತ ಜಾಸ್ತಿ.

ಪುಸ್ತಕ ಮೊದಲು ಬಂದದ್ದು 1924ರಲ್ಲಿ, ನ್ಯೂಯಾರ್ಕಿನಲ್ಲಿ, ಇಂಗ್ಲಿಷ್ ಅನುವಾದವಾಗಿ. ತ್ಸಾರ್ ಕಾಲದಲ್ಲೂ ಬೊಲ್ಶೆವಿಕ್ ಕಾಲದಲ್ಲೂ ಜೈಲು ಕಂಡಿದ್ದ ಲೇಖಕರು 1931ರಲ್ಲಿ ಸ್ಟಾಲಿನ್‌ಗೇ ಪತ್ರ ಬರೆದು ದೇಶ ಬಿಡಲು ಅನುಮತಿ ಕೇಳಿದರು. ಸಿಕ್ಕಿತು. 1937ರಲ್ಲಿ ಪ್ಯಾರಿಸ್‌ನಲ್ಲಿ ತೀರಿಕೊಂಡರು. ಅವರ ದೇಶದಲ್ಲಿ ಕಾದಂಬರಿ ಅಚ್ಚಾಗಲು 1988 ಬರಬೇಕಾಯಿತು.

ಈ ನಡುವೆ 1932ರಲ್ಲಿ ಇಂಗ್ಲಿಷ್ ಲೇಖಕ ಆಲ್ಡಸ್ ಹಕ್ಸ್‌ಲಿ ಅವರ ‘ಬ್ರೇವ್ ನ್ಯೂ ವರ್ಲ್ಡ್’ ಅನ್ನುವ ಇಂಥದ್ದೇ ಕಾದಂಬರಿ ಬಂದಿತ್ತು. ಜಾರ್ಜ್ ಆರ್ವೆಲ್ ‘ನಾವು’ ಕಾದಂಬರಿಯನ್ನು ಫ್ರೆಂಚಿನಲ್ಲಿ ಓದಿ 1946ರ ಜನವರಿಯಲ್ಲಿ ವಿಮರ್ಶೆ ಬರೆದರು. ಇದರ ಗುರಿ ಒಂದು ದೇಶವಲ್ಲ, ಕೈಗಾರಿಕಾ ನಾಗರಿಕತೆಯೇ ಇರಬೇಕು ಅನ್ನುವುದು ಅವರ ಅಂದಾಜು. ಆರ್ವೆಲ್‌ಗೂ ತಮ್ಮದೇ ಸರಕು ಇತ್ತು. ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿದ ಇವರು ಯುದ್ಧಕಾಲದಲ್ಲಿ ಬಿಬಿಸಿಯಿಂದ ಭಾರತಕ್ಕೆ ಪ್ರಸಾರವಾಗುವ ಕಾರ್ಯಕ್ರಮ ಮಾಡುತ್ತಿದ್ದರು. ‘1984’ರಲ್ಲಿ ಬರುವ ಭಯಾನಕ ಚಿತ್ರಹಿಂಸೆಯ ಕೋಣೆ ‘ರೂಂ 101’ಕ್ಕೆ ನಂಬರ್ ಸಿಕ್ಕಿದ್ದು ಬಿಬಿಸಿಯ ಮೀಟಿಂಗ್ ಕೋಣೆಯೊಂದರಿಂದ. ಬೇಸರದ ಮೀಟಿಂಗ್‌ಗಳು ಎಲ್ಲ ಕಾಲದಲ್ಲೂ ಇದ್ದವು, ಅಲ್ವಾ!

1949ರ ಜೂನ್‌ನಲ್ಲಿ ‘1984’ ಬಂತು. ಬಂದ ಕೂಡಲೇ ಎಳೆದಾಟವೂ ಶುರು. ಇದು ಸಮಾಜವಾದದ ಮೇಲಾಗಲಿ ಬ್ರಿಟನ್ನಿನ ಲೇಬರ್ ಪಕ್ಷದ ಮೇಲಾಗಲಿ ದಾಳಿಯಲ್ಲ ಅಂತ ಆರ್ವೆಲ್ ಹೇಳಿಕೆ ಕೊಡಬೇಕಾಯಿತು. ಕ್ಷಯ ಹಿಡಿದಿತ್ತು, ಮರುವರ್ಷ ಜನವರಿಯಲ್ಲೇ ಹೋದರು. ಆಮೇಲೆ ತಿದ್ದಿ ಹೇಳಲು ಯಾರೂ ಉಳಿಯಲಿಲ್ಲ.

1985ರಲ್ಲಿ ಮಾರ್ಗರೆಟ್ ಅಟ್ವುಡ್ ಹೆಣ್ಣಿನ ದೇಹವನ್ನೇ ಸರ್ಕಾರದ ಸ್ವತ್ತಾಗಿಸಿದ ನಾಡಿನ ಕತೆ ಬರೆದರು. 2014ರಲ್ಲಿ ಥಾಯ್ಲೆಂಡಿನಲ್ಲಿ ಸೇನೆ ಅಧಿಕಾರ ಹಿಡಿದಾಗ ಪ್ರತಿಭಟನಾಕಾರರು ‘ಹಂಗರ್ ಗೇಮ್ಸ್’ ಅನ್ನುವ ಡಿಸ್ಟೋಪಿಯಾ ಕಾದಂಬರಿ-ಸಿನಿಮಾ ಸರಣಿಯಿಂದ ಮೂರು ಬೆರಳಿನ ಸಲಾಮು ಎರವಲು ಪಡೆದರು. 2017ರಲ್ಲಿ ಅಮೆರಿಕದಲ್ಲಿ ಅಧ್ಯಕ್ಷರು ಬದಲಾದ ಹೊತ್ತಿಗೆ ‘1984’ ಮತ್ತೆ ಮಾರಾಟದ ಪಟ್ಟಿಯ ತುದಿಗೇರಿತು. ಕೊಂಡವರು ಎರಡೂ ಬಣಗಳಲ್ಲಿದ್ದಿರಬೇಕು. ಪುಸ್ತಕ ಎದುರಿನವನ ಬಗ್ಗೆಯೇ ಬರೆದದ್ದು ಅಂತ ಇಬ್ಬರಿಗೂ ಖಾತ್ರಿಯಿತ್ತೇನೋ.