ಮನುಷ್ಯ ಹುಟ್ಟಿದ ದಾರಿ: ‘ಯಾರು ನೋಡಿದ್ದಾರೆ?’ ಅನ್ನೋ ಪ್ರಶ್ನೆ ಎಲ್ಲಿಂದ ಬಂತು?

ಮೈಸೂರಿನ ಝೂನಲ್ಲಿ ಚಿಂಪಾಂಜಿ ನೋಡ್ತಾ ಒಬ್ಬ ಹುಡುಗ ಕೇಳಿದ: “ತಾತ, ನಾವು ಇದರಿಂದ ಬಂದಿದ್ರೆ ಇದ್ಯಾಕೆ ಇನ್ನೂ ಹಿಂಗೇ ಇದೆ?” ತಾತ, “ಯಾರು ನೋಡವ್ರೆ ಬಿಡಪ್ಪಾ” ಅಂದರು. 2018ರಲ್ಲಿ ಕೇಂದ್ರ ಸಚಿವರಾಗಿದ್ದ ಸತ್ಯಪಾಲ್ ಸಿಂಗ್ ಹೇಳಿದ್ದೂ ಹೆಚ್ಚು ಕಡಿಮೆ ಇದೇ: ವಾನರ ಮನುಷ್ಯನಾಗಿದ್ದನ್ನು ಯಾರೂ ನೋಡಿಲ್ಲ ಅಂತ.

ಹುಡುಗನಿಗೆ ಉತ್ತರ ಸುಲಭ. ನಾವು ಚಿಂಪಾಂಜಿಯಿಂದ ಬಂದಿಲ್ಲ, ಸುಮಾರು 60-70 ಲಕ್ಷ ವರ್ಷಗಳ ಹಿಂದೆ ಇಬ್ಬರಿಗೂ ಒಂದೇ ಮೂಲ ಇತ್ತು. ದೊಡ್ಡಪ್ಪನ ಮಗನಿಂದ ನಾನು ಹುಟ್ಟಿದೆ ಅಂತ ಯಾರೂ ಹೇಳಲ್ಲ, ಅಲ್ವಾ?

ತಾತನ ಪ್ರಶ್ನೆಗೆ ಹಳೆಯ ಕಥೆ ಇದೆ. 1871ರಲ್ಲಿ ಡಾರ್ವಿನ್ ಮನುಷ್ಯನ ಮೂಲದ ಬಗ್ಗೆ ಬರೆದಾಗ ಕೈಯಲ್ಲಿದ್ದ ಮೂಳೆಗಳು ತೀರಾ ಕಡಿಮೆ. ಆಗ ಅನುಮಾನ ಪಟ್ಟವರದ್ದು ತಪ್ಪಲ್ಲ. 1912ರಲ್ಲಿ ಇಂಗ್ಲೆಂಡಿನ ಪಿಲ್ಟ್‌ಡೌನ್‌ನಲ್ಲಿ ತಲೆಬುರುಡೆ ಸಿಕ್ಕಿತು ಅಂದರು, ಮೆದುಳು ದೊಡ್ಡದು, ದವಡೆ ವಾನರನದ್ದು. ಮೆದುಳೇ ಮೊದಲು ಬೆಳೆಯಿತು ಅಂತ ನಂಬಿದ್ದವರಿಗೆ ಅದು ಹೇಳಿ ಮಾಡಿಸಿದ ಹಾಗಿತ್ತು. ಹಾಗಾಗಿ 1925ರಲ್ಲಿ ರೇಮಂಡ್ ಡಾರ್ಟ್ ದಕ್ಷಿಣ ಆಫ್ರಿಕಾದ ಟಾಂಗ್ ಮಗುವಿನ ಬುರುಡೆ ತೋರಿಸಿ, ಮೆದುಳು ಚಿಕ್ಕದಿದ್ದರೂ ಇದು ಎರಡು ಕಾಲಲ್ಲಿ ನಡೆಯುತ್ತಿತ್ತು ಅಂದಾಗ ಹೆಚ್ಚಿನವರು ಒಪ್ಪಲಿಲ್ಲ. ಪಿಲ್ಟ್‌ಡೌನ್ ಮೋಸ ಅಂತ ಗೊತ್ತಾಗಿದ್ದು 1953ರಲ್ಲಿ. ದವಡೆ ಒರಾಂಗುಟಾನ್‌ದು, ಹಲ್ಲು ಅರದಿಂದ ಉಜ್ಜಿದ್ದು. ವಿಕಾಸವಾದವೇ ಸುಳ್ಳು ಅನ್ನೋರು ಈಗಲೂ ಇದನ್ನೇ ಎತ್ತಿ ಹೇಳುತ್ತಾರೆ. ಆದರೆ ಆ ಕಳ್ಳತನ ಹಿಡಿದವರು ವಿಜ್ಞಾನಿಗಳೇ! 1974ರಲ್ಲಿ ಇಥಿಯೋಪಿಯಾದಲ್ಲಿ 32 ಲಕ್ಷ ವರ್ಷ ಹಳೆಯ ಅಸ್ಥಿಪಂಜರದ ಭಾಗಗಳು ಸಿಕ್ಕವು, ಅದಕ್ಕೆ ಲೂಸಿ ಅಂತ ಹೆಸರಿಟ್ಟರು. ಚಿಕ್ಕ ಮೆದುಳು, ನೆಟ್ಟಗಿನ ನಡಿಗೆ. ಡಾರ್ಟ್ ಹೇಳಿದ್ದು ಸರಿಯಿತ್ತು.

ನನಗೆ ಮೂಳೆಗಿಂತ ಜಾಸ್ತಿ ಹಿಡಿಸಿದ್ದು ಕ್ರೋಮೋಸೋಮ್ ಲೆಕ್ಕ, ಅಂದರೆ ಜೀವಕೋಶದೊಳಗೆ ಡಿಎನ್‌ಎ ಹೊತ್ತಿರೋ ಎಳೆಗಳ ಲೆಕ್ಕ. ಚಿಂಪಾಂಜಿ, ಗೊರಿಲ್ಲಾ, ಒರಾಂಗುಟಾನ್ ಮೂವರಿಗೂ 48. ನಮಗೆ 46. ಎರಡು ಎಲ್ಲಿ ಹೋದವು? ಮೂಲ ಒಂದೇ ಆಗಿದ್ದರೆ ನಮ್ಮಲ್ಲಿ ಎರಡು ಜೋಡಿ ಸೇರಿ ಒಂದು ಜೋಡಿ ಆಗಿರಬೇಕು, ಆ ಬೆಸುಗೆಯ ಗುರುತೂ ಇರಬೇಕು. ಇಲ್ಲದಿದ್ದರೆ ವಾದಕ್ಕೇ ಪೆಟ್ಟು. ಹುಡುಕಿದರು. ಕ್ರೋಮೋಸೋಮಿನ ತುದಿಯಲ್ಲಿ ಮಾತ್ರ ಸಾಲಾಗಿ ಇರಬೇಕಾದ ಡಿಎನ್‌ಎ ಅಕ್ಷರಗಳು ನಮ್ಮ 2ನೇ ಕ್ರೋಮೋಸೋಮಿನ ಒಳಗಡೆ, ಎದುರುಬದುರಾಗಿ ಅಂಟಿಕೊಂಡಂತೆ ಸಿಕ್ಕವು. 1991ರಲ್ಲಿ ಅದು ಪ್ರಕಟವಾಯಿತು. ಹೊಲದ ಬದು ಕಿತ್ತು ಎರಡು ಹೊಲ ಒಂದು ಮಾಡಿದ ಮೇಲೂ ನಡುವೆ ಬದುವಿನ ಗುರುತು ಉಳಿಯುತ್ತದಲ್ಲ, ಮಂಡ್ಯ ಕಡೆ ಯಾವ ರೈತನನ್ನಾದರೂ ಕೇಳಿ, ಆ ಬದು ಹಾಕಿದ್ದನ್ನು ನೋಡದೆಯೇ ಹೇಳುತ್ತಾನೆ.

ಇಷ್ಟೆಲ್ಲ ಇದ್ದೂ 2023ರಲ್ಲಿ ಕೇಂದ್ರದ ಪಠ್ಯಪುಸ್ತಕ ಸಂಸ್ಥೆ ಎನ್‌ಸಿಇಆರ್‌ಟಿಯ ಹತ್ತನೇ ತರಗತಿ ವಿಜ್ಞಾನ ಪುಸ್ತಕದಿಂದ ವಿಕಾಸದ ಭಾಗ ತೆಗೆದರು. 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಬೇಡ ಅಂತ ಪತ್ರ ಬರೆದರು. ಆ ಪುಸ್ತಕ ಓದುವ ಮಗು ಮುಂದೆ ಪಿಯುಸಿಯಲ್ಲಿ ಬಯಾಲಜಿ ತೆಗೆದುಕೊಳ್ಳದಿದ್ದರೆ, ಝೂನಲ್ಲಿ ಕೇಳಿದ ಪ್ರಶ್ನೆಗೆ ಕ್ಲಾಸಿನಲ್ಲಿ ಉತ್ತರ ಸಿಗೋದೇ ಇಲ್ಲ.